ಮನೆಯಲ್ಲಿ ಉಳಿದ ಪೇಂಟ್ ಏನು ಮಾಡುವುದು?

ಪ್ರಶ್ನೆ: ನಮಸ್ಕಾರ. ನಾವು ಬೆಂಗಳೂರಿನವರು. ಎರಡು ವರ್ಷದ ಹಿಂದೆ ಗೃಹಪ್ರವೇಶಕ್ಕೆ ಹೊಡೆಸಿದ ಬಣ್ಣ ಅಟ್ಟದ ಮೇಲೆ ಆರು ಡಬ್ಬಿ ಉಳಿದಿದೆ. ನಾಲ್ಕು ಗೋಡೆಯದು, ಎರಡು ಗೇಟಿನದು. ನೀರು ಬೆರೆಸಿ ಬಾತ್‌ರೂಮಿನಲ್ಲಿ ಸುರಿದುಬಿಡಿ ಎಂದರು ಪಕ್ಕದ ಮನೆಯವರು. ಸುರಿಯಬಹುದಾ?

ಉತ್ತರ (ಪೇಂಟಿಂಗ್ ಕಾಂಟ್ರಾಕ್ಟರ್): ಬೇಡ ಮೇಡಂ, ದಯವಿಟ್ಟು ಸುರಿಯಬೇಡಿ. ಪೈಪಿನೊಳಗೆ ಅಂಟಿಕೊಳ್ಳುತ್ತದೆ. ಮೋರಿಗೆ ಹೋದದ್ದು ರಾಜಕಾಲುವೆ ಹಿಡಿದು ಕೆರೆ ಸೇರುತ್ತದೆ. ಎರಡು ವರ್ಷದ ಪೇಂಟ್ ಎಂದರೆ ಬಹುಶಃ ಇನ್ನೂ ಚೆನ್ನಾಗಿಯೇ ಇರುತ್ತದೆ.

ಮೊದಲು ಡಬ್ಬಿಗಳನ್ನು ಬೇರೆ ಮಾಡಿ. ಗೋಡೆಯದು ಎಮಲ್ಷನ್, ಅದಕ್ಕೆ ನೀರು ಬೆರೆಸುತ್ತೇವೆ. ಗೇಟಿನದು ಎನಾಮಲ್, ಅಂದರೆ ಆಯಿಲ್ ಪೇಂಟ್. ಅದಕ್ಕೆ ಟರ್ಪಂಟೈನ್ ಬೇಕು. ಇವೆರಡನ್ನೂ ಯಾವತ್ತೂ ಬೆರೆಸಬೇಡಿ.

ಎಮಲ್ಷನ್ ಡಬ್ಬಿ ತೆರೆದು ಮೂಸಿ ನೋಡಿ. ಕೊಳೆತ ವಾಸನೆ ಬಂದರೆ ಒಳಗೆ ಬ್ಯಾಕ್ಟೀರಿಯಾ ಬೆಳೆದಿದೆ ಎಂದೇ ಲೆಕ್ಕ. ಅದನ್ನು ಗೋಡೆಗೆ ಹಚ್ಚಬೇಡಿ, ವಾಸನೆ ಬೇಗ ಹೋಗುವುದಿಲ್ಲ. ವಾಸನೆ ಇಲ್ಲದೆ ಬರೀ ಗಟ್ಟಿಯಾಗಿದ್ದರೆ ಸ್ವಲ್ಪ ನೀರು ಹಾಕಿ ಕೋಲಿನಿಂದ ತಳದವರೆಗೂ ಕಲಕಿ, ತೆಳು ಬಟ್ಟೆಯಲ್ಲಿ ಸೋಸಿ. ಚೂರುಪಾರು ಉಳಿದ ಎಮಲ್ಷನ್‌ಗಳನ್ನೆಲ್ಲ ಒಂದೇ ಬಕೆಟ್‌ನಲ್ಲಿ ಸೇರಿಸಬಹುದು. ಬಣ್ಣ ಬೂದಿಯೋ ಕಂದೋ ಆಗುತ್ತದೆ, ಆದರೆ ಸ್ಟೋರ್ ರೂಮಿಗೆ, ಅಟ್ಟದ ಒಳಗೋಡೆಗೆ ಚೆನ್ನಾಗಿಯೇ ಇರುತ್ತದೆ. ಒಳಗೋಡೆಯ ಪೇಂಟನ್ನು ಕಾಂಪೌಂಡಿಗೆ ಮಾತ್ರ ಹಚ್ಚಬೇಡಿ, ಮಳೆಗೆ ನಿಲ್ಲುವುದಿಲ್ಲ.

ಟಚಪ್‌ಗೆಂದು ಪ್ರತಿ ಶೇಡ್‌ನಲ್ಲೂ ಸ್ವಲ್ಪ ಎತ್ತಿಡಿ. ದೊಡ್ಡ ಡಬ್ಬಿಯಲ್ಲೇ ಬಿಟ್ಟರೆ ಗಾಳಿಗೆ ಒಣಗುತ್ತದೆ. ಬಾಯಿ ಬಿಗಿಯಾದ ಚಿಕ್ಕ ಡಬ್ಬಿಗೆ ತುಂಬಿ, ರೂಮಿನ ಹೆಸರು, ಶೇಡ್ ನಂಬರ್ ಬರೆದು ಅಂಟಿಸಿ. ಊಟದ ಡಬ್ಬಿ, ನೀರಿನ ಬಾಟಲಿಗೆ ತುಂಬಬೇಡಿ. ಮಕ್ಕಳಿರುವ ಮನೆಯಲ್ಲಿ ಅದು ಅಪಾಯ.

ಪ್ರಶ್ನೆ: ಥ್ಯಾಂಕ್ಸ್ ಅಣ್ಣ. ಗೇಟಿನ ಬಣ್ಣದ ಮೇಲೆ ಕೆನೆ ಕಟ್ಟಿದೆ. ಅದು ಕೆಟ್ಟಂತಾ?

ಉತ್ತರ: ಇಲ್ಲ. ಕೆನೆಯನ್ನು ಅಂಚಿನ ಸುತ್ತ ಚಾಕುವಿನಿಂದ ಕತ್ತರಿಸಿ ಇಡಿಯಾಗಿ ಎತ್ತಿ. ಕಲಕಿದರೆ ಚೂರಾಗಿ ಬ್ರಶ್‌ಗೆ ಹತ್ತುತ್ತದೆ. ಕೆಳಗಿನ ಬಣ್ಣ ಕಿಟಕಿ ಸರಳಿಗೆ, ಮೀಟರ್ ಬಾಕ್ಸಿನ ಬಾಗಿಲಿಗೆ ಆಗುತ್ತದೆ. ಬ್ರಶ್ ತೊಳೆದ ಟರ್ಪಂಟೈನನ್ನೂ ಚೆಲ್ಲಬೇಡಿ. ಮುಚ್ಚಿಟ್ಟರೆ ಒಂದೆರಡು ದಿನದಲ್ಲಿ ಬಣ್ಣ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿ ಇನ್ನೊಂದು ಸಲ ಬ್ರಶ್ ತೊಳೆಯಲು ಬರುತ್ತದೆ.

ಇನ್ನೊಬ್ಬರ ಪ್ರಶ್ನೆ: ಸರ್, ಊರಿನ ಮನೆಯಲ್ಲಿ ಹದಿನೈದು ವರ್ಷದ ಹಳೇ ಆಯಿಲ್ ಪೇಂಟ್ ಇದೆ. ಮಗುವಿನ ತೊಟ್ಟಿಲಿಗೆ ಹಚ್ಚಲಾ?

ಉತ್ತರ: ಖಂಡಿತ ಬೇಡ ಸರ್. ಹಳೇ ಆಯಿಲ್ ಪೇಂಟ್‌ಗಳಲ್ಲಿ ಸೀಸ ಜಾಸ್ತಿ ಇರುತ್ತಿತ್ತು. ಮನೆ ಪೇಂಟ್‌ನಲ್ಲಿ ಸೀಸ ಹತ್ತು ಲಕ್ಷ ಪಾಲಿಗೆ 90 ಪಾಲು ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಮಗು ತೊಟ್ಟಿಲು ಕಚ್ಚುತ್ತದೆ, ಸೀಸ ಮಿದುಳಿಗೆ ಪೆಟ್ಟು ಕೊಡುತ್ತದೆ. ಆ ಡಬ್ಬಿಯನ್ನು ಬಳಸಲು ಯಾರಿಗೂ ಕೊಡಬೇಡಿ.

ಮೊದಲನೆಯವರು: ಹಾಗಾದರೆ ಕೆಟ್ಟುಹೋದದ್ದನ್ನು ಎಲ್ಲಿ ಹಾಕುವುದು ಅಣ್ಣ?

ಉತ್ತರ: ಎಮಲ್ಷನ್ ಆದರೆ ಮರಳೋ ಮರದ ಹೊಟ್ಟೋ ಬೆರೆಸಿ, ಮುಚ್ಚಳ ತೆಗೆದು ಹೊರಗೆ ನೆರಳಿನಲ್ಲಿಡಿ. ಕಲ್ಲಿನಂತೆ ಗಟ್ಟಿಯಾದ ಮೇಲೆ ಕಸದ ಗಾಡಿಗೆ ಕೊಡಿ. ಆಯಿಲ್ ಪೇಂಟ್ ಆದರೆ ಮುಚ್ಚಳ ಬಿಗಿ ಮಾಡಿ ಹಾಗೆಯೇ ಕೊಡಿ. 2016ರ ಘನತ್ಯಾಜ್ಯ ನಿಯಮದಲ್ಲೇ ಪೇಂಟ್ ಡಬ್ಬಿಯನ್ನು ಮನೆಯ ಅಪಾಯಕಾರಿ ಕಸಕ್ಕೆ ಸೇರಿಸಿದ್ದರು. ಹಸಿ ಕಸ, ಒಣ ಕಸದ ಜೊತೆ ಹಾಕದೆ ಬೇರೆ ಚೀಲದಲ್ಲಿಟ್ಟು, ಇದು ಪೇಂಟ್ ಎಂದು ಗಾಡಿಯವರಿಗೆ ಬಾಯಿಬಿಟ್ಟು ಹೇಳಿ. ಅವರು ಬರಿಗೈಯಲ್ಲಿ ಕಸ ಬಿಡಿಸುತ್ತಾರೆ, ಅಲ್ವಾ?