ಒಂದೂವರೆ ತಿಂಗಳ ರಜೆ, ಸ್ವಂತ ಕಾರು, ಇಡೀ ಭಾರತ: ಹೇಗೆ ಯೋಜಿಸಬೇಕು?

ಪ್ರಶ್ನೆ, ದಾವಣಗೆರೆಯಿಂದ

ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ ಮಗಳಿಗೆ ಬೇಸಿಗೆ ರಜೆ. ನಾನು, ಹೆಂಡತಿ, ಮಗಳು ಮತ್ತು ಅರವತ್ತೆಂಟು ವರ್ಷದ ಅಮ್ಮ ನಮ್ಮದೇ ಪೆಟ್ರೋಲ್ ಕಾರಿನಲ್ಲಿ ಹೊರಡಬೇಕೆಂದಿದ್ದೇವೆ. ರಾಜಸ್ಥಾನ, ಲಡಾಖ್, ಅಸ್ಸಾಂ, ಅರುಣಾಚಲ ಎಲ್ಲವನ್ನೂ ಒಂದೇ ಸುತ್ತಿನಲ್ಲಿ ನೋಡಿ ಬರುವ ಆಸೆ. ಟೂರ್ ಕಂಪನಿಯ ಹಂಗು ಬೇಡ. ಹೋಗಿ ಬಂದವರು ದಯವಿಟ್ಟು ತಿಳಿಸಿ.

ಬೆಂಗಳೂರಿನಿಂದ

ಖಂಡಿತ ಹೊರಡಿ. ಆದರೆ ನಕಾಶೆಯನ್ನು ಬದಿಗಿಟ್ಟು ಮೊದಲು ಕ್ಯಾಲೆಂಡರ್ ಎದುರಿಗಿಟ್ಟುಕೊಳ್ಳಿ. ನೀವು ಹೆಸರಿಸಿದ ಮೂರು ದಿಕ್ಕುಗಳಿಗೂ ಒಗ್ಗುವ ಋತು ಒಂದೇ ಅಲ್ಲ. ಮೇ ತಿಂಗಳಲ್ಲಿ ಜೈಸಲ್ಮೇರ್, ಬಾರ್ಮೇರ್ ಕಡೆ ಬಿಸಿಲು 45 ಡಿಗ್ರಿ ಮುಟ್ಟುವುದು ಮಾಮೂಲು. ಅದೇ ಹೊತ್ತಿಗೆ ಮನಾಲಿ–ಲೇಹ್ ದಾರಿಯಲ್ಲಿ ಗಡಿ ರಸ್ತೆ ಸಂಸ್ಥೆಯವರು ಬಾರಾಲಾಚಾ ಕಣಿವೆಮಾರ್ಗದ ಹಿಮವನ್ನು ಇನ್ನೂ ಕಡಿದು ಸರಿಸುತ್ತಿರಬಹುದು. ಅಸ್ಸಾಮಿನಲ್ಲಿ ಏಪ್ರಿಲ್‌ನಲ್ಲೇ ಗುಡುಗು ಮಳೆ ಶುರುವಾಗಿರುತ್ತದೆ. ಮೂರನ್ನೂ ಒಟ್ಟಿಗೆ ಕಟ್ಟಿಕೊಂಡರೆ ಒಂದನ್ನೂ ನೆಮ್ಮದಿಯಾಗಿ ನೋಡಲಾಗದು. ರಾಜಸ್ಥಾನವನ್ನು, ಅದರ ಜೊತೆಗೆ ಕಚ್ಛ್‌ನ ಬಿಳಿ ರಣ ಎಂಬ ಉಪ್ಪಿನ ಬಯಲನ್ನೂ ಡಿಸೆಂಬರ್‌ಗೆ ಬಿಡಿ. ಈ ರಜೆಗೆ ಕಾಶ್ಮೀರ ಮತ್ತು ಲಡಾಖ್ ಸಾಕು. ಅದೇ ದೊಡ್ಡ ಪ್ರವಾಸ.

ದಾರಿ ಸುಲಭ. ಹೊಸಪೇಟೆ, ರಾಯಚೂರು ಮಾರ್ಗವಾಗಿ ಹೈದರಾಬಾದ್ ಸೇರಿ 44ನೇ ರಾಷ್ಟ್ರೀಯ ಹೆದ್ದಾರಿ ಹಿಡಿದರೆ ನಾಗಪುರ, ಝಾನ್ಸಿ, ಆಗ್ರಾ, ದೆಹಲಿ, ಜಮ್ಮು ದಾಟಿ ಶ್ರೀನಗರದವರೆಗೂ ಅದೇ ದಾರಿ. ಬಯಲಿನಲ್ಲಿ ದಿನಕ್ಕೆ 450ರಿಂದ 500 ಕಿ.ಮೀ. ಲೆಕ್ಕ ಹಾಕಿ. ಹೈದರಾಬಾದಿನಿಂದ ನಾಗಪುರ ಹೆಚ್ಚುಕಡಿಮೆ ಅಷ್ಟೇ ದೂರ. ಗುಡ್ಡದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಶ್ರೀನಗರದಿಂದ ಕಾರ್ಗಿಲ್ ಸುಮಾರು 200 ಕಿ.ಮೀ., ಅದಕ್ಕೆ ಇಡೀ ಹಗಲು ಮೀಸಲಿಡಿ. ದಾರಿಯಲ್ಲಿ ಸಿಗುವ ಜೋಜಿಲಾ ಕಣಿವೆಮಾರ್ಗದಲ್ಲಿ ಯಾವ ಕಡೆಯ ವಾಹನಗಳನ್ನು ಯಾವ ಹೊತ್ತಿಗೆ ಬಿಡುತ್ತಾರೆ ಎಂಬುದನ್ನು ಸಂಚಾರ ಪೊಲೀಸರು ಪ್ರಕಟಿಸುತ್ತಾರೆ, ಹಿಂದಿನ ಸಂಜೆಯೇ ನೋಡಿಕೊಳ್ಳಿ. ಪ್ರತಿ ವಾರಕ್ಕೊಂದು ದಿನ ಏನೂ ಬರೆಯದೆ ಖಾಲಿ ಬಿಡಿ. ಭೂಕುಸಿತ, ಮಗುವಿನ ಜ್ವರ, ಗ್ಯಾರೇಜು, ಎಲ್ಲಕ್ಕೂ ಆ ದಿನವೇ ಆಗಿಬರುತ್ತದೆ.

ನಾಗಪುರ ದಾಟಿದ ಮೇಲೆ ಪೆಂಚ್ ಕಾಡು ಬರುತ್ತದೆ. ಅಲ್ಲಿ ಹೆದ್ದಾರಿಯನ್ನೇ ಕಂಬಗಳ ಮೇಲೆ ಎತ್ತಿ, ಹುಲಿ, ಜಿಂಕೆ, ಕಾಡೆಮ್ಮೆಗಳಿಗೆ ಕೆಳಗೆ ದಾರಿ ಬಿಟ್ಟಿದ್ದಾರೆ. ಸದ್ದು ಮತ್ತು ಬೆಳಕು ಕಾಡಿಗೆ ಇಳಿಯದಂತೆ ಎರಡೂ ಬದಿಗೆ ತಡೆಗೋಡೆಗಳಿವೆ. ಮಗಳಿಗೆ ಮೊದಲೇ ಹೇಳಿಡಿ, ಇಲ್ಲವಾದರೆ ಗೋಡೆ ನೋಡಿಕೊಂಡೇ ದಾಟಿಬಿಡುತ್ತೀರಿ.

ಬಳ್ಳಾರಿಯಿಂದ

ನಾನು ಲಾರಿ ವ್ಯವಹಾರದಲ್ಲಿರುವವನು, ಆ ದಾರಿಯ ಬಗ್ಗೆ ಮಾತ್ರ ಹೇಳುತ್ತೇನೆ. ತೆಲಂಗಾಣ, ವಿದರ್ಭ, ಬುಂದೇಲ್‌ಖಂಡಗಳ ಬೇಸಿಗೆ ನಮ್ಮ ಬಳ್ಳಾರಿಯನ್ನೂ ಮೀರಿಸುತ್ತದೆ. ಬೆಳಗ್ಗೆ ಐದಕ್ಕೆ ಚಕ್ರ ಉರುಳಬೇಕು, ಮಧ್ಯಾಹ್ನ ಒಂದರೊಳಗೆ ಲಾಡ್ಜ್ ಸೇರಬೇಕು. ಟೈರ್‌ಗೆ ಐದು ವರ್ಷ ತುಂಬಿದ್ದರೆ, ಮೇಲಿನ ಗೀರುಗಳು ಆಳವಾಗಿ ಕಂಡರೂ ಬದಲಿಸಿಬಿಡಿ. ಗಾಳಿಯನ್ನು ಬೆಳಗ್ಗೆ ಟೈರ್ ತಣ್ಣಗಿರುವಾಗಲೇ ನೋಡಿಸಿ, ಸ್ಟೆಪ್ನಿಯದ್ದನ್ನೂ ಸೇರಿಸಿ. ಗಾಳಿ ಹಾಕಿದ ಮೇಲೆ ಹಳೆಯ ಪಂಕ್ಚರ್ ಅಂಗಡಿಯವನು ಬೆರಳಿಗೆ ಉಗುಳು ಹಚ್ಚಿ ವಾಲ್ವ್ ಬಾಯಿಗೆ ಸವರುತ್ತಾನೆ. ಗುಳ್ಳೆ ಎದ್ದರೆ ವಾಲ್ವ್ ಸೋರುತ್ತಿದೆ ಎಂದರ್ಥ. ಹಾಗೆ ನೋಡದವನಿಗೆ ನೀವೇ ನೋಡಲು ಹೇಳಿ.

ಕತ್ತಲಾದ ಮೇಲೆ ಹೆದ್ದಾರಿಯಲ್ಲಿ ಇರಬೇಡಿ. ರಸ್ತೆ ಚೆನ್ನಾಗಿದೆ, ಅದಕ್ಕೇ ಹೇಳುತ್ತಿದ್ದೇನೆ. ವಿಭಜಕದಲ್ಲಿ ಸಂದು ಇರುವ ಪ್ರತಿ ಹಳ್ಳಿಯ ಬಳಿ ಎದುರಿನಿಂದ ದೀಪವಿಲ್ಲದ ಟ್ರ್ಯಾಕ್ಟರ್ ಬರಬಹುದು. ಹಿಂದಕ್ಕೆ ಚಾಚಿದ ಕಬ್ಬಿಣದ ಸರಳು ತುಂಬಿದ ಲಾರಿ ರಸ್ತೆಯ ಮಧ್ಯೆಯೇ ಕೆಟ್ಟು ನಿಂತಿರಬಹುದು. ಗುಡ್ಡ ಇಳಿಯುವಾಗ, ಹತ್ತಿದ ಗೇರಿನಲ್ಲೇ ಇಳಿಯಿರಿ. ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾದು ಕೈಕೊಡುತ್ತದೆ.

ಮೈಸೂರಿನಿಂದ

ನನ್ನ ಅಪ್ಪ ಅಮ್ಮನನ್ನು ಲೇಹ್‌ಗೆ ಕರೆದುಕೊಂಡು ಹೋಗಿ ಬಂದವಳು ನಾನು. ನಿಮ್ಮ ಅಮ್ಮನವರ ವಯಸ್ಸು ನೋಡಿ ಇದನ್ನು ಬರೆಯಲೇಬೇಕೆನಿಸಿತು. ಹೋಗುವಾಗ ಶ್ರೀನಗರದ ಮೂಲಕವೇ ಹೋಗಿ. ಶ್ರೀನಗರ ಸುಮಾರು 1,600 ಮೀಟರ್, ಕಾರ್ಗಿಲ್ 2,700, ಲೇಹ್ 3,500. ಒಂದೊಂದು ಕಡೆ ತಂಗುತ್ತಾ ಹೋದರೆ ದೇಹ ಮೆಲ್ಲಗೆ ಹೊಂದಿಕೊಳ್ಳುತ್ತದೆ. ಮನಾಲಿ ಕಡೆಯಿಂದ ಹತ್ತಿದರೆ ಸರ್ಚುವಿನಂಥ 4,000 ಮೀಟರ್ ದಾಟಿದ ಜಾಗದಲ್ಲಿ ರಾತ್ರಿ ಕಳೆಯಬೇಕಾಗಬಹುದು. ವಯಸ್ಸಾದವರಿಗೆ ಅದು ಸಲ್ಲದು. ಹೊರಡುವ ಮುನ್ನ ಅವರ ರಕ್ತದೊತ್ತಡ, ಹೃದಯ, ಉಸಿರಾಟವನ್ನು ವೈದ್ಯರಿಂದ ಪರೀಕ್ಷೆ ಮಾಡಿಸಿ. ಎತ್ತರಕ್ಕೆಂದು ಕೊಡುವ ಮಾತ್ರೆಯನ್ನು ವೈದ್ಯರು ಹೇಳಿದರೆ ಮಾತ್ರ ಕೊಡಿ.

ಲೇಹ್‌ನಲ್ಲಿ ಎರಡು ದಿನ ಸುಮ್ಮನೆ ಇರಿ. ತಲೆನೋವಿನ ಜೊತೆ ವಾಂತಿ, ತಡವರಿಸುವ ನಡಿಗೆ, ಕುಳಿತಲ್ಲೇ ಏದುಸಿರು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ತಕ್ಷಣ ಆಸ್ಪತ್ರೆ, ನಂತರ ವೈದ್ಯರು ಹೇಳಿದಂತೆ ಕೆಳಗಿನ ಊರು. 5,359 ಮೀಟರ್ ಎತ್ತರದ ಖರ್ದುಂಗ್ ಲಾಕ್ಕೆ ಅಮ್ಮನವರನ್ನು ಕರೆದೊಯ್ಯಲೇಬೇಕೆಂಬ ಹಟ ಬೇಡ. ಲೇಹ್‌ನಿಂದ ದೆಹಲಿಗೆ ವಿಮಾನವಿದೆ. ಅವರನ್ನು ಅಲ್ಲಿಂದಲೇ ಯಾರ ಜೊತೆಗಾದರೂ ಕಳುಹಿಸುವ ದಾರಿಯನ್ನು ತೆರೆದಿಡಿ.

ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು–ಕಾಶ್ಮೀರ, ಲಡಾಖ್‌ಗಳಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಒಂದಾದರೂ ಇರಲಿ. ಕಾರು ನಿಮ್ಮದೇ ಆಗಿರುವುದು ಒಳ್ಳೆಯದು. ಹೊರಗಿನ ಬಾಡಿಗೆ ಕಾರನ್ನು ಲಡಾಖ್‌ನ ಟ್ಯಾಕ್ಸಿಯವರು ಓಡಾಡಲು ಬಿಡುವುದಿಲ್ಲ. ಶುದ್ಧ ಸಸ್ಯಾಹಾರ ಬೇಕಿದ್ದರೆ ಜಮ್ಮು, ಹಿಮಾಚಲಗಳ ದಾರಿಯಲ್ಲಿ ‘ವೈಷ್ಣೋ ಢಾಬಾ’ ಎಂಬ ಫಲಕ ನೋಡಿ ನಿಲ್ಲಿಸಿ. ಲೇಹ್‌ಗೆ ಸ್ವಲ್ಪ ಮೊದಲು ಸಿಗುವ ಪತ್ಥರ್ ಸಾಹಿಬ್ ಗುರುದ್ವಾರದಲ್ಲಿ ಸೈನಿಕರು ಕೊಡುವ ಬಿಸಿ ಚಹಾ ಕುಡಿದೇ ಮುಂದೆ ಹೋಗಿ.

ಮನಾಲಿ ದಾರಿ ತೆರೆದಿದ್ದರೆ ಆ ಕಡೆಯಿಂದ ಹಿಂತಿರುಗಿ, 9 ಕಿ.ಮೀ. ಉದ್ದದ ಅಟಲ್ ಸುರಂಗವನ್ನೂ ನೋಡಿದಂತಾಗುತ್ತದೆ. ಆದರೆ ಲೇಹ್‌ನಲ್ಲೇ ಟ್ಯಾಂಕ್ ತುಂಬಿಸಿ. ‘ಮುಂದಿನ ಬಂಕ್ 365 ಕಿ.ಮೀ.’ ಎಂಬ ಹೆಸರಾಂತ ಫಲಕ ನಿಂತಿರುವ ತಾಂಡಿ ಇರುವುದು ಆ ದಾರಿಯ ಇನ್ನೊಂದು ತುದಿಯಲ್ಲಿ.

ಗುವಾಹಟಿಯಲ್ಲಿ ಕೆಲಸದಲ್ಲಿರುವ ಕನ್ನಡಿಗನಿಂದ

ಈಶಾನ್ಯವನ್ನು ಬಾಲದಂತೆ ಕೊನೆಗೆ ಜೋಡಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ದಸರಾ ರಜೆಯ ಕೊನೆಗೋ ನವೆಂಬರ್‌ನಲ್ಲೋ ಬೇರೆಯಾಗಿಯೇ ಬನ್ನಿ. ಇಲ್ಲಿ ಗಡಿಯಾರ ನಿಮ್ಮದೇ, ಸೂರ್ಯ ಮಾತ್ರ ಬೇಗ. ನವೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಹೊತ್ತು ಮುಳುಗುತ್ತದೆ, ಊಟದ ನಂತರ ದೂರದ ಊರಿಗೆ ಹೊರಡುವ ಮಾತೇ ಇಲ್ಲ. ಅರುಣಾಚಲ, ನಾಗಾಲ್ಯಾಂಡ್, ಮಿಜೋರಾಂ, ಮಣಿಪುರಗಳಿಗೆ ಇನ್ನರ್ ಲೈನ್ ಪರ್ಮಿಟ್, ಅಂದರೆ ಪ್ರವೇಶದ ಅನುಮತಿ ಬೇಕು, ಮೊದಲೇ ಆನ್‌ಲೈನ್‌ನಲ್ಲಿ ಪಡೆದು ಮುದ್ರಿಸಿಕೊಳ್ಳಿ. ಅರುಣಾಚಲದ ತವಾಂಗ್ ದಾರಿಯ ಸೇಲಾ ಸುರಂಗ 2024ರಲ್ಲಿ ತೆರೆದ ಮೇಲೆ ಹಿಮದ ಕಾಟ ಕಡಿಮೆಯಾಗಿದೆ. ಕಾಜಿರಂಗದ ಅಂಚಿನ ಹೆದ್ದಾರಿಯಲ್ಲಿ ನಿಧಾನವಾಗಿ ಹೋಗಿ. ಬ್ರಹ್ಮಪುತ್ರ ಉಕ್ಕಿದಾಗ ಘೇಂಡಾಮೃಗ, ಆನೆ, ಜಿಂಕೆಗಳು ಕಾರ್ಬಿ ಗುಡ್ಡಗಳಿಗೆ ಹತ್ತಲು ದಾಟುವುದು ಅದೇ ರಸ್ತೆಯನ್ನು.

ಮತ್ತೆ ದಾವಣಗೆರೆಯಿಂದ

ಎಲ್ಲರಿಗೂ ಧನ್ಯವಾದ. ಅಮ್ಮನಿಗೆ ಓದಿ ಹೇಳಿದೆ, ಕಾಶ್ಮೀರ–ಲಡಾಖ್ ಎಂದು ತೀರ್ಮಾನವಾಯಿತು. ಇನ್ನೊಂದು ಪ್ರಶ್ನೆ: ಕೊಠಡಿಗಳನ್ನು ಎಲ್ಲ ಕಡೆಯೂ ಮೊದಲೇ ಕಾಯ್ದಿರಿಸಬೇಕೇ?

ಬೆಂಗಳೂರಿನಿಂದ

ಶ್ರೀನಗರ ಮತ್ತು ಮನಾಲಿಯಲ್ಲಿ ಕಾಯ್ದಿರಿಸಿ. ಮೇನಲ್ಲಿ ಅಲ್ಲಿ ಜನ ಕಿಕ್ಕಿರಿದಿರುತ್ತಾರೆ. ನಾಗಪುರ, ಝಾನ್ಸಿಯಂಥ ಊರುಗಳಲ್ಲಿ ಆ ದಿನ ಬೆಳಗ್ಗೆ ಫೋನ್ ಮಾಡಿದರೆ ಸಾಕು. ಆದರೆ ‘ಪಾರ್ಕಿಂಗ್ ಇದೆ’ ಎಂಬ ಮಾತನ್ನು ನಂಬದೆ ಜಾಗದ ಫೋಟೊ ಕಳುಹಿಸಲು ಹೇಳಿ. ಊರೊಳಗಿನ ಹಳೆಯ ಪೇಟೆಗಿಂತ ಹೆದ್ದಾರಿಯ ಬದಿಯ ಹೋಟೆಲ್ ವಾಸಿ, ಬೆಳಗ್ಗೆ ಐದಕ್ಕೆ ಯಾರನ್ನೂ ಎಬ್ಬಿಸದೆ ಹೊರಡಬಹುದು.