ಬೆಂಗಳೂರಿನ ರಾತ್ರಿ ತಿಂಡಿಗೆ ಮೆಜೆಸ್ಟಿಕ್‌ನಲ್ಲಿ ಇಳಿದುಕೊಳ್ಳುವುದೋ, ಎಂ.ಜಿ. ರಸ್ತೆಯಲ್ಲೋ?

ಧಾರವಾಡದವ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ನಾನು, ನನ್ನ ಪತ್ನಿ ಮತ್ತು ಎಪ್ಪತ್ತು ದಾಟಿದ ನಮ್ಮ ತಂದೆಯವರು ಬೆಂಗಳೂರಿಗೆ ಬರಲಿದ್ದೇವೆ. ಗುರುವಾರ ಮಧ್ಯಾಹ್ನ ಬಂದು ಭಾನುವಾರ ಹಿಂದಿರುಗುವ ಯೋಚನೆಯಿದೆ. ಹಗಲೆಲ್ಲ ಚಿಕ್ಕಪೇಟೆಯಲ್ಲಿ ಮದುವೆಯ ಜವಳಿ ಖರೀದಿಗೆ ಹೋಗುವುದರಿಂದ ಕೈಗೆ ಸಿಗುವುದು ಸಂಜೆ ಮತ್ತು ರಾತ್ರಿ ಮಾತ್ರ. ಆ ಹೊತ್ತಿನಲ್ಲಿ ಬೀದಿಬದಿಯ ತಿಂಡಿ ತಿನ್ನುತ್ತ, ರಾತ್ರಿ ತೆರೆದಿರುವ ಪೇಟೆಗಳಲ್ಲಿ ಓಡಾಡಬೇಕೆಂಬ ಆಸೆ. ಹೋಟೆಲನ್ನು ಮೆಜೆಸ್ಟಿಕ್ ಕಡೆ ಹಿಡಿಯಬೇಕೋ, ಎಂ.ಜಿ. ರಸ್ತೆಯ ಆಸುಪಾಸಿನಲ್ಲೋ ಎಂಬುದು ತೀರ್ಮಾನವಾಗುತ್ತಿಲ್ಲ. ತಂದೆಯವರು ಮಾಂಸಾಹಾರ ಬಿಟ್ಟಿದ್ದಾರೆ, ನಾವಿಬ್ಬರೂ ತಿನ್ನುತ್ತೇವೆ. ಅವರಿಗೆ ಮೊಣಕಾಲು ನೋವಿರುವುದರಿಂದ ಬಹಳ ಹೊತ್ತು ನಿಲ್ಲಲಾಗುವುದಿಲ್ಲ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಚಾಮರಾಜಪೇಟೆ ವಾಸಿ:

ನಿಮ್ಮ ಕಾರ್ಯಕ್ರಮಕ್ಕೆ ಮೆಜೆಸ್ಟಿಕ್ ಸರಿ. ಮೆಟ್ರೋದ ನೇರಳೆ ಮತ್ತು ಹಸಿರು ಮಾರ್ಗಗಳೆರಡೂ ಅಲ್ಲಿಯೇ ಕೂಡುತ್ತವೆ. ಹಸಿರು ಮಾರ್ಗದಲ್ಲಿ ದಕ್ಷಿಣಕ್ಕೆ ಹೊರಟರೆ ಮೊದಲು ಸಿಗುವುದೇ ಚಿಕ್ಕಪೇಟೆ, ಆಮೇಲೆ ಕೃಷ್ಣರಾಜೇಂದ್ರ ಮಾರುಕಟ್ಟೆ, ಮೂರನೆಯದು ನ್ಯಾಷನಲ್ ಕಾಲೇಜು. ಹೀಗಾಗಿ ನಿಮ್ಮ ಹಗಲಿನ ಕೆಲಸವೂ ರಾತ್ರಿಯ ತಿಂಡಿಯೂ ಒಂದೇ ಹಳಿಯ ಮೇಲೆ ಮುಗಿಯುತ್ತವೆ. ಬಸ್ ನಿಲ್ದಾಣಕ್ಕೆ ಎದುರಾಗಿರುವ ಕೋಣೆ ಮಾತ್ರ ಬೇಡ, ಹಾರ್ನ್ ಸದ್ದಿಗೆ ನಿದ್ದೆ ಬರುವುದಿಲ್ಲ. ಗಾಂಧಿನಗರದ ಒಳ ಅಡ್ಡರಸ್ತೆಗಳಲ್ಲಿ ವಿಚಾರಿಸಿರಿ.

ಒಂದು ವಿಷಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಡುರಾತ್ರಿಯವರೆಗೆ ಸಾಮಾನು, ಬಟ್ಟೆ, ತಿಂಡಿ ಎಲ್ಲವೂ ಒಂದೇ ಕಡೆ ಸಿಗುವ ರಾತ್ರಿ ಪೇಟೆಯನ್ನು ನಿರೀಕ್ಷಿಸಿ ಬಂದರೆ ನಿಮಗೆ ನಿರಾಸೆಯಾಗುತ್ತದೆ. ಚಿಕ್ಕಪೇಟೆ, ಅವೆನ್ಯೂ ರಸ್ತೆಗಳು ಕತ್ತಲಾದ ಕೆಲ ಹೊತ್ತಿಗೇ ಬಾಗಿಲು ಎಳೆಯುತ್ತವೆ. ಇಲ್ಲಿ ರಾತ್ರಿ ತಿಂಡಿ ಎಂದರೆ ಸಂಜೆ ಆರೂವರೆಯಿಂದ ಹತ್ತೂವರೆಯವರೆಗಿನ ವ್ಯವಹಾರ. ಹನ್ನೊಂದರ ಹೊತ್ತಿಗೆ ಪೊಲೀಸರ ಸೀಟಿ ಕೇಳಿಸುತ್ತದೆ, ಗಾಡಿಗಳು ಹೊರಡುತ್ತವೆ.

ಗುರುವಾರ ಸಂಜೆಯೇ ವಿಶ್ವೇಶ್ವರಪುರದ ತಿಂಡಿ ಬೀದಿಗೆ ಹೋಗಿರಿ. ಇದು ಸಜ್ಜನ್ ರಾವ್ ವೃತ್ತದ ಪಕ್ಕದಲ್ಲಿದೆ. ವಾರಾಂತ್ಯದಲ್ಲಿ ಅಲ್ಲಿ ಹೆಜ್ಜೆಯಿಡುವುದಕ್ಕೂ ಜಾಗವಿರುವುದಿಲ್ಲವಾದ್ದರಿಂದ ಶನಿವಾರಕ್ಕೆ ಉಳಿಸಿಕೊಳ್ಳುವುದು ಜಾಣತನವಲ್ಲ. ಮೊದಲು ಏನನ್ನೂ ಕೊಳ್ಳದೆ ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನಡೆದು ನೋಡಿರಿ, ಆಮೇಲೆ ಒಂದೊಂದು ತಟ್ಟೆ ತೆಗೆದುಕೊಂಡು ಮೂವರೂ ಹಂಚಿಕೊಳ್ಳಿರಿ. ಕಣ್ಣೆದುರಿಗೇ ಕಾವಲಿಯ ಮೇಲೆ ಬೇಯುವ ಅಕ್ಕಿ ರೊಟ್ಟಿ, ಪಡ್ಡು, ದೋಸೆ, ಎಣ್ಣೆಯಿಂದ ಆಗತಾನೆ ಎತ್ತಿದ ಮೆಣಸಿನಕಾಯಿ ಬಜ್ಜಿ, ತುಪ್ಪ ಸುರಿದು ಕೊಡುವ ಬೇಳೆ ಮತ್ತು ಕಾಯಿ ಹೋಳಿಗೆಗಳನ್ನು ಧೈರ್ಯವಾಗಿ ತಿನ್ನಬಹುದು. ಸುರುಳಿ ಆಲೂಗಡ್ಡೆ, ಚೀಸ್ ಸುರಿದ ದೋಸೆ, ಬಣ್ಣದ ಸೋಡಾಗಳನ್ನು ಮಕ್ಕಳಿಗೆ ಬಿಟ್ಟುಬಿಡಿ. ತೆರೆದಿಟ್ಟ ಚಟ್ನಿ, ಪಾನಿಪುರಿಯ ನೀರು, ಪುಡಿ ಮಾಡಿದ ಐಸು ಹಾಕಿದ ಪಾನೀಯಗಳಿಂದ ತಂದೆಯವರನ್ನು ದೂರವಿಡಿ. ಬಟಾಣಿಯ ಬಿಸಿ ಗ್ರೇವಿ ಹಾಕುವ ನಮ್ಮ ಮಸಾಲೆ ಪುರಿಯನ್ನು ಕುದಿಯುವ ಪಾತ್ರೆಯಿಂದಲೇ ಬಡಿಸಿದರೆ ಚಿಂತೆಯಿಲ್ಲ. ನಿಮ್ಮ ಕಡೆಯ ಮಂಡಕ್ಕಿ ತಿಂಡಿಯಾದ ಗಿರ್ಮಿಟ್‌ನ ಬೋರ್ಡು ಕಂಡರೆ ಧಾರವಾಡದವರಾದ ನೀವು ಸುಮ್ಮನೆ ಮುಂದೆ ನಡೆಯುವುದೇ ಎಲ್ಲರಿಗೂ ಕ್ಷೇಮ!

ಆ ಬೀದಿಯ ವಿ.ಬಿ. ಬೇಕರಿ 1953ರಿಂದ ಇದೆ. ಖಾರದ ಬನ್ನು ಅಲ್ಲಿಯೇ ತಿನ್ನಿರಿ, ಮಸಾಲೆ ಹಚ್ಚಿದ ಕಾಂಗ್ರೆಸ್ ಕಡಲೆಕಾಯಿಯನ್ನು ಊರಿಗೆ ಕಟ್ಟಿಸಿಕೊಳ್ಳಿರಿ. ಜನವರಿಯೆಂದರೆ ಸೊಗಡವರೆಯ ಕಾಲ. ಕಾಳನ್ನು ನೆನೆಸಿ ಸಿಪ್ಪೆ ಹಿಚುಕಿ ತೆಗೆದ ಹಿತಕಿದ ಬೇಳೆಯನ್ನು ಆ ದಿನಗಳಲ್ಲಿ ರೊಟ್ಟಿ, ಉಪ್ಪಿಟ್ಟು, ದೋಸೆಗಳಿಂದ ಹಿಡಿದು ಸಿಹಿತಿಂಡಿಯವರೆಗೆ ಹಾಕದೆ ಬಿಡುವುದಿಲ್ಲ. ಅವರೆಬೇಳೆ ಮೇಳ ಮೊದಲು ಈ ಬೀದಿಯಲ್ಲಿಯೇ ಸೇರುತ್ತಿತ್ತು, ಈಚೆಗೆ ನ್ಯಾಷನಲ್ ಕಾಲೇಜು ಮೈದಾನಕ್ಕೆ ಹೋಗಿದೆ. ನೀವು ಬರುವ ವಾರದಲ್ಲಿ ಮೇಳವಿದೆಯೇ ಎಂದು ಪತ್ರಿಕೆಗಳಲ್ಲಿ ನೋಡಿಕೊಳ್ಳಿರಿ.

ದಂಡು ಪ್ರದೇಶದ ಓದುಗ:

ಮೇಲಿನವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಬೆಂಗಳೂರಿನ ರಾತ್ರಿ ತಿಂಡಿಯನ್ನು ಪೂರ್ತಿಯಾಗಿ ಹೋಳಿಗೆ, ರೊಟ್ಟಿಗಳ ಪಾಲಿಗೆ ಬಿಟ್ಟುಕೊಡಲಾರೆ. ನೀವಿಬ್ಬರೂ ಮಾಂಸ ತಿನ್ನುವವರಾದ್ದರಿಂದ ಒಂದು ಸಂಜೆಯನ್ನು ಶಿವಾಜಿನಗರಕ್ಕೆ ಕೊಡಲೇಬೇಕು. ರಸೆಲ್ ಮಾರುಕಟ್ಟೆಯ ಸುತ್ತಲಿನ ಗಲ್ಲಿಗಳಲ್ಲಿ ಕೆಂಡದ ಮೇಲೆ ಸುಡುವ ಸೀಖ್ ಕಬಾಬು, ಖೀಮಾ ಸಮೋಸ, ಅದರ ಮೇಲೊಂದು ಸುಲೈಮಾನಿ ಚಹಾ ದೊರೆಯುತ್ತವೆ. ಕಮರ್ಷಿಯಲ್ ರಸ್ತೆ ಅಲ್ಲಿಂದ ನಡೆದುಹೋಗುವಷ್ಟು ಹತ್ತಿರ. ಬಟ್ಟೆಬರೆ, ಚಪ್ಪಲಿ, ಬಳೆಗಳ ಖರೀದಿಯನ್ನು ಮೊದಲು ಮುಗಿಸಿಕೊಂಡು, ಅಂಗಡಿಗಳು ಮುಚ್ಚುವ ಹೊತ್ತಿಗೆ ಕಬಾಬಿನ ಕಡೆ ತಿರುಗಿದರೆ ಹೊತ್ತು ಹೊಂದಿಕೊಳ್ಳುತ್ತದೆ. ಈ ದೃಷ್ಟಿಯಿಂದ ಎಂ.ಜಿ. ರಸ್ತೆಯ ಹೋಟೆಲೇ ಅನುಕೂಲ ಎಂಬುದು ನನ್ನ ಅಭಿಪ್ರಾಯ. ರಾತ್ರಿ ಹಿಂದಿರುಗುವಾಗ ರೈಲಿನ ಹಂಗಿರುವುದಿಲ್ಲ, ಊಟವಾದ ಮೇಲೆ ಚರ್ಚ್ ಸ್ಟ್ರೀಟಿನ ಕಲ್ಲುಹಾಸಿನ ಮೇಲೆ ನಿಧಾನವಾಗಿ ಅಡ್ಡಾಡಬಹುದು. ಬಾಡಿಗೆ ಮಾತ್ರ ಮೆಜೆಸ್ಟಿಕ್‌ಗಿಂತ ಹೆಚ್ಚು.

ದೊನ್ನೆ ಬಿರಿಯಾನಿಯ ಆಸೆಯಿದ್ದರೆ ಅದನ್ನು ರಾತ್ರಿಗೆ ಇಟ್ಟುಕೊಳ್ಳಬೇಡಿ. ಹಳೆಯ ಪೇಟೆಯ ಹೆಸರಾಂತ ಮಿಲಿಟರಿ ಹೋಟೆಲುಗಳು ಮುಖ್ಯವಾಗಿ ಹಗಲೂಟದ ಜಾಗಗಳು, ಮಧ್ಯಾಹ್ನ ಕಳೆಯುವ ಹೊತ್ತಿಗೆ ಪಾತ್ರೆ ಖಾಲಿ. ಜವಳಿ ಅಂಗಡಿಯಿಂದ ನಡುವೆ ಬಿಡುವು ಮಾಡಿಕೊಂಡು ಹೋಗಬೇಕಾದೀತು.

ರಾತ್ರಿಪಾಳಿ:

ನಿಜವಾದ ರಾತ್ರಿ ಪೇಟೆ ಬೇಕೆಂದರೆ ಬೆಂಗಳೂರಿನಲ್ಲಿ ಅದೂ ಇದೆ, ತಿನ್ನುವುದಕ್ಕಲ್ಲ ಅಷ್ಟೆ. ಕೃಷ್ಣರಾಜೇಂದ್ರ ಮಾರುಕಟ್ಟೆಯ ಹೂವಿನ ವ್ಯಾಪಾರ ಬೆಳಕು ಹರಿಯುವುದಕ್ಕೆ ಎಷ್ಟೋ ಮೊದಲೇ ಕಳೆಗಟ್ಟಿರುತ್ತದೆ. ಶಿವನಸಮುದ್ರದ ವಿದ್ಯುತ್ತು 1905ರ ಆಗಸ್ಟ್ 5ರಂದು ಬೆಂಗಳೂರಿಗೆ ಬಂದಾಗ ಮೊದಲು ಬೀದಿದೀಪ ಬೆಳಗಿದ್ದು ಈ ಮಾರುಕಟ್ಟೆಯ ಬಳಿ ಎನ್ನುತ್ತಾರೆ. ಸೇವಂತಿಗೆ, ಕನಕಾಂಬರ, ಸುಗಂಧರಾಜಗಳ ರಾಶಿಯನ್ನು ಇಂದಿಗೂ ಬಲ್ಬಿನ ಬೆಳಕಿನಲ್ಲಿಯೇ ತೂಗುತ್ತಾರೆ. ಮದುವೆಯ ಮನೆಯವರಾದ್ದರಿಂದ ಹಾರಗಳ ಬೆಲೆ ವಿಚಾರಿಸುವ ನೆಪವೂ ನಿಮಗಿದೆ. ನಾಲ್ಕೂವರೆಗೆ ಹೋಗುವುದಾದರೆ ಮೆಟ್ರೋ ಇನ್ನೂ ಶುರುವಾಗಿರುವುದಿಲ್ಲ, ಮೆಜೆಸ್ಟಿಕ್‌ನಿಂದ ಆಟೋ ಹಿಡಿಯಬೇಕು; ಈ ಒಂದು ಕಾರಣಕ್ಕೆ ನನ್ನ ಮತವೂ ಮೆಜೆಸ್ಟಿಕ್ ಹೋಟೆಲಿಗೇ. ನೆಲ ಒದ್ದೆಯಾಗಿ ಜಾರುತ್ತದೆ, ತಲೆಯ ಮೇಲೆ ಮೂಟೆ ಹೊತ್ತವರು ಯಾರಿಗೂ ಕಾಯುವುದಿಲ್ಲ. ಆದ್ದರಿಂದ ತಂದೆಯವರು ಕೋಣೆಯಲ್ಲಿಯೇ ಮಲಗಿರಲಿ.

ಧಾರವಾಡದವ:

ಎಲ್ಲರಿಗೂ ಧನ್ಯವಾದಗಳು. ಮೆಜೆಸ್ಟಿಕ್ ಎಂದೇ ನಿಶ್ಚಯಿಸಿದೆವು. ಶಿವಾಜಿನಗರಕ್ಕೆ ನಾವಿಬ್ಬರು ಶನಿವಾರ ಹೋಗುತ್ತೇವೆ, ಆ ಸಂಜೆ ತಂದೆಯವರು ನೆಂಟರ ಮನೆಯಲ್ಲಿರುತ್ತಾರೆ. ಶುಕ್ರವಾರ ಅವರಿಗೆ ಕುಳಿತು ತಿನ್ನುವ ಜಾಗ ಬೇಕಾಗಿದೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಆದೀತೇ? ತಿಂಡಿ ಬೀದಿಯಲ್ಲಿ ಕುಳಿತುಕೊಳ್ಳಲು ಅನುಕೂಲವಿದೆಯೇ?

ಚಾಮರಾಜಪೇಟೆ ವಾಸಿ:

ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಉಳಿದ ದಿನಗಳಲ್ಲಿಯೂ ಅದು ಸಂಜೆಯ ದೋಸೆಯ ಜಾಗವೇ ಹೊರತು ತಡರಾತ್ರಿಯದಲ್ಲ. ಶುಕ್ರವಾರ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್.ಗೆ ಕರೆದುಕೊಂಡು ಹೋಗಿರಿ. ಸರದಿಗಾಗಿ ಕಾಯಬೇಕಾಗುತ್ತದೆ, ಆದರೆ ಒಳಗೆ ಹೋದ ಮೇಲೆ ನೆಮ್ಮದಿಯಾಗಿ ಕುಳಿತು ತಿನ್ನಬಹುದು. ಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವವಾದಾಗ ರವೆ ಇಡ್ಲಿ ಹುಟ್ಟಿದ್ದು ಅವರ ಅಡುಗೆಮನೆಯಲ್ಲಿಯೇ ಎಂಬುದು ಪ್ರಸಿದ್ಧ. ತಿಂಡಿ ಬೀದಿಯಲ್ಲಿ ನಿಂತೇ ತಿನ್ನಬೇಕು. ನ್ಯಾಷನಲ್ ಕಾಲೇಜು ನಿಲ್ದಾಣದಿಂದ ನಡೆಸದೆ ಆಟೋದಲ್ಲಿ ಸಜ್ಜನ್ ರಾವ್ ವೃತ್ತದವರೆಗೆ ಹೋಗಿ, ಜನ ತುಂಬುವ ಮೊದಲೇ, ಆರೂವರೆಯ ಹೊತ್ತಿಗೆ ತಲುಪಿದರೆ ಎಂಟರೊಳಗೆ ಎಲ್ಲವನ್ನೂ ಸವಿದು ಹೊರಡಬಹುದು. ಮಡಚುವ ಸಣ್ಣ ಸ್ಟೂಲು ಇದ್ದರೆ ತನ್ನಿರಿ.