ಪಾಠ ಶುರುವಾಗಿದೆ, ಪ್ರಬಂಧ ನಿಂತಿದೆ. ಏನು ಮಾಡಲಿ?

ಧಾರವಾಡದಲ್ಲಿ ಸಸ್ಯಶಾಸ್ತ್ರದ ಪಿಎಚ್‌ಡಿ ಮಾಡುತ್ತಿದ್ದೇನೆ. ಫೆಲೋಶಿಪ್ ಅವಧಿ ಮುಗಿಯಿತು, ಹಾವೇರಿ ಕಡೆಯ ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿದ್ದೇನೆ. ಮೊನ್ನೆ ಪ್ರಯೋಗಾಲಯದಲ್ಲಿ ಸೂರ್ಯಕಾಂತಿ ಕಾಂಡವನ್ನು ಬ್ಲೇಡಿನಿಂದ ತೆಳುವಾಗಿ ಕೊಯ್ದು, ಸಾಫ್ರನಿನ್ ಎಂಬ ಕೆಂಪು ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ತೋರಿಸಿದೆ. ನೀರು ಸಾಗಿಸುವ ಭಾಗ ಕೆಂಪಾಗಿ ಹೊಳೆದಾಗ ಹುಡುಗಿಯೊಬ್ಬಳು ಕಣ್ಣು ತೆಗೆಯಲೇ ಇಲ್ಲ. ಈ ಕೆಲಸ ನನಗೆ ಬೇಕೇ ಬೇಕು. ಆದರೆ ಬಸ್ಸಿಳಿದು ಕೋಣೆ ಸೇರುವಷ್ಟರಲ್ಲಿ ಬರೆಯುವ ತ್ರಾಣವಿರುವುದಿಲ್ಲ. ಕೆ-ಸೆಟ್ (ಕಾಲೇಜು ಉಪನ್ಯಾಸಕರಾಗಲು ನಮ್ಮ ರಾಜ್ಯದ ಅರ್ಹತಾ ಪರೀಕ್ಷೆ) ಬೇರೆ ಬರೆಯಬೇಕೇ?

ಉತ್ತರ 1: ಖಂಡಿತ ಬರೆಯಿರಿ. ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ನಿಯಮಗಳ 2023ರ ತಿದ್ದುಪಡಿಯ ಪ್ರಕಾರ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ರಾಷ್ಟ್ರಮಟ್ಟದ ನೆಟ್, ಇಲ್ಲವೇ ರಾಜ್ಯಮಟ್ಟದ ಸೆಟ್ ಅಥವಾ ಸ್ಲೆಟ್ ಪರೀಕ್ಷೆ ಕನಿಷ್ಠ ಅರ್ಹತೆ. ಪಿಎಚ್‌ಡಿ ಕಡ್ಡಾಯವಲ್ಲ.

ಉತ್ತರ 2: ಹಾಗೆಂದು ಪ್ರಬಂಧ ಬಿಡಬೇಡಿ ತಂಗಿ. ಅದರ ಮೇಲಿನ ಹುದ್ದೆಗೆ, ಅಂದರೆ ಸಹ ಪ್ರಾಧ್ಯಾಪಕರಾಗಲು, ಪಿಎಚ್‌ಡಿ ಬೇಕೇ ಬೇಕು. ನಾನು ಬೆಳಿಗ್ಗೆ ಐದಕ್ಕೆ ಎದ್ದು, ಮೊಬೈಲ್ ಮುಟ್ಟದೆ ಒಂದು ಪುಟ ಬರೆದೇ ಸ್ನಾನಕ್ಕೆ ಹೋಗುತ್ತಿದ್ದೆ.

ಪ್ರಶ್ನೆ ಕೇಳಿದವರು: ಧನ್ಯವಾದ ಅಕ್ಕಾ. ಕೆ-ಸೆಟ್‌ಗೆ ಓದಲು ಬಸ್ಸಿನ ಹೊತ್ತು, ಬರೆಯಲು ಬೆಳಗು. ಮಾರ್ಗದರ್ಶಕರಿಗೆ ಶನಿವಾರ ಅಧ್ಯಾಯದ ಮೊದಲ ಭಾಗ ಕೊಡುತ್ತೇನೆಂದು ಈಗಷ್ಟೇ ಫೋನ್ ಮಾಡಿ ಹೇಳಿದೆ.